ಮಳೆ, ಹಗೇವು ಮತ್ತು ಧಾರಣೆ: ಹತ್ತೊಂಬತ್ತನೆಯ ಶತಮಾನದ ಧಾರವಾಡ ಜಿಲ್ಲೆಯಲ್ಲಿ ಜೋಳದ ಬೆಲೆ

ಹಳೆಯ ದಾಖಲೆಗಳಲ್ಲಿ ಧಾನ್ಯದ ಧಾರಣೆಯನ್ನು ಇಂದಿನಂತೆ ಕ್ವಿಂಟಲಿಗೆ ಇಷ್ಟು ರೂಪಾಯಿ ಎಂದು ಬರೆಯುತ್ತಿರಲಿಲ್ಲ. ರೂಪಾಯಿಗೆ ಇಷ್ಟು ಧಾನ್ಯ ಎಂದು ಬರೆಯುತ್ತಿದ್ದರು. ಅಂಕಿ ಇಳಿದಷ್ಟೂ ಬೆಲೆ ಏರಿದೆಯೆಂದೇ ಅರ್ಥ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯ ಧಾರವಾಡ ಸಂಪುಟದಲ್ಲಿಯೂ ಇದೇ ಪದ್ಧತಿಯಿದೆ. ಈ ಅಂಕಿಗಳ ಏರಿಳಿತವನ್ನು ಮಳೆಯ ಏರಿಳಿತದ ನೇರ ಪ್ರತಿಬಿಂಬವೆಂದು ಭಾವಿಸುವುದು ಸುಲಭ. ಆದರೆ ಮಳೆಗೂ ಧಾರಣೆಗೂ ನಡುವೆ ಹಗೇವು, ಗಾಡಿದಾರಿ, ಹತ್ತಿ ಮತ್ತು ಕಂದಾಯಗಳು ಇದ್ದವು ಎಂಬುದನ್ನು ಮರೆಯಲಾಗದು.

ಇಂದಿನ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಬಹುಭಾಗವನ್ನು ಒಳಗೊಂಡಿದ್ದ ಅಂದಿನ ಜಿಲ್ಲೆಯಲ್ಲಿ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಸರಿದಂತೆ ಕ್ಷೀಣಿಸುತ್ತದೆ. ಕಲಘಟಗಿ, ಹಾನಗಲ್ಲುಗಳು ಮಲೆನಾಡಿನ ಸೆರಗಿನ ಭತ್ತದ ಸೀಮೆ. ನವಲಗುಂದ, ರೋಣ, ಗದಗಗಳು ಜೋಳ, ಗೋದಿ, ಕಡಲೆ, ಹತ್ತಿ ಬೆಳೆಯುವ ಎರೆಭೂಮಿ. ಎರೆಭೂಮಿಯ ರೈತನಿಗೆ ವರ್ಷದ ಒಟ್ಟು ಮಳೆಗಿಂತ ಅದು ಬೀಳುವ ಕಾಲವೇ ಮುಖ್ಯ. ಮುಂಗಾರು ಕೈಕೊಟ್ಟರೂ ಉತ್ತರೆ, ಹಸ್ತ ಮಳೆಗಳು ನೆಲವನ್ನು ಹಸಿ ಮಾಡಿದರೆ ಹಿಂಗಾರಿ ಜೋಳ ಕೈಸೇರುತ್ತಿತ್ತು. ಅವೂ ತಪ್ಪಿದರೆ ಮರುವರ್ಷದವರೆಗೆ ಬೇರೆ ಆಸರೆಯಿರಲಿಲ್ಲ. ಆದುದರಿಂದ ಧಾರಣೆ ಏರಲು ಸುಗ್ಗಿಯವರೆಗೆ ಕಾಯಬೇಕಿರಲಿಲ್ಲ. ಬಿತ್ತನೆಯ ಮಳೆ ತಡವಾದೊಡನೆ ಕಾಳುಳ್ಳವರು ಹಗೇವುಗಳನ್ನು ತೆರೆಯಲು ಹಿಂಜರಿಯುತ್ತಿದ್ದರು. ಪೇಟೆಗೆ ಬರುವ ಕಾಳು ಕಡಿಮೆಯಾಗುತ್ತಿತ್ತು.

ಹವಾಮಾನದೊಂದಿಗೆ ಯುದ್ಧವೂ ಸೇರಿದಾಗ ಏನಾಗುತ್ತಿತ್ತೆಂಬುದಕ್ಕೆ 1791-92ರ ಬರ ನಿದರ್ಶನ. ತಲೆಬುರುಡೆಗಳ ಬರವೆಂಬ ಅರ್ಥದ ಹೆಸರಿನಿಂದ ದಖ್ಖನ್ನಿನಲ್ಲಿ ಅದು ನೆನಪಾಗಿ ಉಳಿಯಿತು. ಅದಕ್ಕೆ ಮುನ್ನ, 1790-91ರಲ್ಲಿ, ಪರಶುರಾಮಭಾವು ಪಟವರ್ಧನನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ಧಾರವಾಡ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. ದಂಡು ಬೀಡುಬಿಟ್ಟ ಸೀಮೆಯಲ್ಲಿ ಕಾಳಾಗಲಿ ಮೇವಾಗಲಿ ಉಳಿಯುವುದು ಕಷ್ಟ. ಬರಿದಾದ ನಾಡಿನ ಮೇಲೆ ಬರ ಎರಗಿತು.

1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಇನ್ನೊಂದು ಬಗೆಯ ಪಾಠವನ್ನು ಒದಗಿಸುತ್ತದೆ. ಲ್ಯಾಂಕಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋದಾಗ ಧಾರವಾಡದ ಹತ್ತಿಗೆ ಅಪೂರ್ವ ಬೇಡಿಕೆ ಬಂದಿತು. ಹತ್ತಿಯ ಗಾಡಿಗಳು ಘಟ್ಟವಿಳಿದು ಕುಮಟೆ, ಕಾರವಾರಗಳ ಬಂದರುಗಳಿಗೆ ಸಾಗಿದವು. ಹಳ್ಳಿಗಳಿಗೆ ಹಣ ಹರಿದುಬಂದು ಜೋಳದ ಧಾರಣೆಯೂ ಮೇಲೇರಿತು. ಯುದ್ಧ ಮುಗಿದ ಮೇಲೆ ಹತ್ತಿಯ ಬೆಲೆ ಕುಸಿಯಿತು. ಆದರೆ ಏರಿದ ಧಾರಣೆಯ ನೆನಪು ಸರಕಾರದ ಕಡತಗಳಲ್ಲಿ ಉಳಿದುಕೊಂಡಿತು. 1840ರ ದಶಕದಲ್ಲಿ ವಿಂಗೇಟನ ಮೋಜಣಿಯಂತೆ 30 ವರ್ಷಗಳಿಗೆ ಗೊತ್ತುಪಡಿಸಿದ್ದ ಕಂದಾಯ 1870ರ ದಶಕದಲ್ಲಿ ಪರಿಷ್ಕರಣೆಗೆ ಬಂದಾಗ, ಬೆಲೆಗಳ ಏರಿಕೆಯೇ ದರ ಹೆಚ್ಚಿಸಲು ಮುಖ್ಯ ಆಧಾರಗಳಲ್ಲಿ ಒಂದಾಯಿತು. ಒಳ್ಳೆಯ ವರ್ಷಗಳ ಧಾರಣೆಯನ್ನು ಶಾಶ್ವತವೆಂದು ಎಣಿಸಿದ ಲೆಕ್ಕವದು.

1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ಧಾತು ಸಂವತ್ಸರದ ಈ ಬರ 1877ರ ಮಳೆಗಾಲದವರೆಗೂ ಮುಂದುವರಿದು, ಪೂರ್ವದ ತಾಲ್ಲೂಕುಗಳನ್ನು ವಿಶೇಷವಾಗಿ ಬಾಧಿಸಿತು. ಜಿಲ್ಲೆಗೆ ಆಗ ರೈಲು ಇರಲಿಲ್ಲ. ಕಾಳು ತರಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ಬರವು ಬೆಳೆಯನ್ನಷ್ಟೇ ಅಲ್ಲ, ಸಾಗಾಟವನ್ನೂ ನುಂಗಿತು. ಮುಂಬಯಿ ಸರಕಾರ ಧಾನ್ಯ ವ್ಯಾಪಾರದಲ್ಲಿ ಕೈಹಾಕದ ನೀತಿಯನ್ನು ಅನುಸರಿಸಿತು. ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಆಧಾರದ ಮೇಲೆ ಕಡಿತಗೊಳಿಸಿದನು. ಬಿತ್ತನೆಯಿಲ್ಲದ ವರ್ಷದಲ್ಲಿ ಕಳೆ, ಕೊಯ್ಲುಗಳ ಕೂಲಿಯೂ ಇರುವುದಿಲ್ಲ. ಧಾರಣೆ ಏರುವ ಹೊತ್ತಿಗೇ ಕೊಳ್ಳುವ ಶಕ್ತಿ ಇಳಿಯುತ್ತದೆ. ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಸುಮಾರು 9.9 ಲಕ್ಷವಿದ್ದುದು 1881ರಲ್ಲಿ ಸುಮಾರು 8.8 ಲಕ್ಷಕ್ಕೆ ಇಳಿದಿತ್ತು.

ಈ ಬರಕ್ಕೆ ಶಾಂತಸಾಗರದ ಪ್ರಬಲ ಎಲ್ ನಿನೊ ವಿದ್ಯಮಾನದ ಸಂಬಂಧವಿತ್ತೆಂಬುದು ಇಂದು ಸ್ಥಿರಪಟ್ಟ ಸಂಗತಿ. ಭಾರತೀಯ ಹವಾಮಾನ ಇಲಾಖೆ 1875ರಲ್ಲಷ್ಟೇ ಸ್ಥಾಪಿತವಾಗಿತ್ತು. ಸಾಗರದ ಆಚೆಯ ವಾಯುಭಾರಕ್ಕೂ ಇಲ್ಲಿಯ ಮುಂಗಾರಿಗೂ ಇರುವ ನಂಟನ್ನು ಗಿಲ್ಬರ್ಟ್ ವಾಕರ್ ಶೋಧಿಸಿದುದು ಇಪ್ಪತ್ತನೆಯ ಶತಮಾನದಲ್ಲಿ.

1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲಿಯೇ ಗದಗ, ಹುಬ್ಬಳ್ಳಿ, ಧಾರವಾಡಗಳನ್ನು ದೂರದ ಪೇಟೆಗಳಿಗೂ ಮರ್ಮಗೋವಾ ಬಂದರಿಗೂ ಜೋಡಿಸಿತು. ಪೇಟೆಯಿಂದ ಪೇಟೆಗೆ ಇದ್ದ ಧಾರಣೆಯ ಅಂತರ ಕುಗ್ಗಿತು. ಒಂದು ಸೀಮೆಯ ಮಳೆಗೂ ಅದೇ ಸೀಮೆಯ ಬೆಲೆಗೂ ಇದ್ದ ಬಿಗಿಯಾದ ನಂಟು ಸಡಿಲವಾಯಿತು. ಆದರೆ 1896-97ರಲ್ಲಿ ದೇಶದ ಹಲವು ಭಾಗಗಳಲ್ಲಿ ಒಮ್ಮೆಗೇ ಬರ ಬಿದ್ದಾಗ, ಮಳೆ ಚೆನ್ನಾಗಿದ್ದ ಸೀಮೆಗಳಲ್ಲಿಯೂ ಬೆಲೆ ಏರಿತು. ಕಾಳು ಹಣವಿದ್ದ ಕಡೆಗೆ ಹರಿಯಿತು. ರೈಲು ಮತ್ತು ಮಾರುಕಟ್ಟೆಗಳು ಪಶ್ಚಿಮ ಭಾರತದಲ್ಲಿ ಬರದ ತೀವ್ರತೆಯನ್ನು ಕ್ರಮೇಣ ತಗ್ಗಿಸಿದವೆಂದು ಮಿಶೆಲ್ ಮೆಕಾಲ್ಪಿನ್ 1983ರ ತಮ್ಮ ಅಧ್ಯಯನದಲ್ಲಿ ವಾದಿಸಿದ್ದಾರೆ. ಕೊಳ್ಳುವ ಶಕ್ತಿ ಕಳೆದುಕೊಂಡವರಿಗೆ ಪೇಟೆಯಲ್ಲಿ ಕಾಳಿದ್ದೂ ಪ್ರಯೋಜನವಿಲ್ಲವೆಂಬುದನ್ನು ಅಮರ್ತ್ಯ ಸೇನ್ 1981ರಲ್ಲಿಯೇ ತೋರಿಸಿದ್ದರು. ಧಾರವಾಡದ ಅನುಭವವನ್ನು ಅರಿಯಲು ಈ ಎರಡು ಮಾತುಗಳೂ ಬೇಕು.

ಹೀಗೆ, ಮಳೆ ಧಾರಣೆಯನ್ನು ಅಲುಗಿಸಿತು. ಅದು ಎಷ್ಟು ಏರಬೇಕು, ಯಾರ ಮೇಲೆ ಬೀಳಬೇಕು ಎಂಬುದನ್ನು ನಿರ್ಧರಿಸಿದುದು ಹಗೇವು, ದಾರಿ, ಕೂಲಿ ಮತ್ತು ಕಂದಾಯ. ಹಳೆಯ ಧಾರಣೆಯ ಪಟ್ಟಿಗಳನ್ನು ಮಳೆಯ ಪಟ್ಟಿಗಳ ಜೊತೆಗಷ್ಟೇ ಅಲ್ಲದೆ ಕೂಲಿ ಮತ್ತು ಕಂದಾಯದ ಪಟ್ಟಿಗಳ ಜೊತೆಗೂ ಇಟ್ಟು ಓದಿದಾಗಲೇ ಬರದ ಚರಿತ್ರೆ ಪೂರ್ಣವಾಗುತ್ತದೆ.