ತುಂಗಭದ್ರೆಯ ಹೂಳೂ ನವಲಿಯ ಜಲಾಶಯವೂ

ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಲ್ಲಿ ಹೆಸರಿಸಿದ ಊರುಗಳಲ್ಲಿ ಕೊಪಣ, ಎಂದರೆ ಇಂದಿನ ಕೊಪ್ಪಳ, ಒಂದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಗಳ ಈ ಸೀಮೆ ಶಾಸನಗಳಿಂದಲೂ ದೇಗುಲಗಳಿಂದಲೂ ಸಂಪನ್ನವಾದುದು, ನೀರಿನಿಂದಲ್ಲ. ತುಂಗಭದ್ರೆ ಇದರ ತೆಂಕಣ ಅಂಚಿನಲ್ಲಿ ಹರಿಯುತ್ತದೆ. ಕುಷ್ಟಗಿ, ಯಲಬುರ್ಗಗಳ ಎತ್ತರದ ಭೂಮಿಯು ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿಯೇ ಬಂದಿದೆ. ಈಗ ಈ ಜಿಲ್ಲೆಯ ನವಲಿಯ ಬಳಿ ಹೊಸದೊಂದು ಜಲಾಶಯವನ್ನು ಕಟ್ಟುವ ಯೋಜನೆಯು ವಿಚಾರದಲ್ಲಿರುವುದರಿಂದ, ಹಿಂದಿನವರು ಜಲಾಶಯವನ್ನು ಕುರಿತು ಏನನ್ನು ತಿಳಿದಿದ್ದರೆಂಬುದನ್ನು ನೋಡುವುದು ಅಪ್ರಸ್ತುತವಾಗಲಾರದು.

ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ತಗ್ಗಾದ ಒಡ್ಡುಗಳನ್ನು ಕಟ್ಟಿ, ಎರಡು ದಡಗಳಲ್ಲಿಯೂ ಕಾಲುವೆಗಳನ್ನು ತೆಗೆದರು. ಗಂಗಾವತಿಯ ಕಾಲುವೆಗಳು ಅವುಗಳಲ್ಲಿ ಸೇರಿದುವು. ಈ ಒಡ್ಡುಗಳು ನೀರನ್ನು ತಿರುಗಿಸುತ್ತಿದ್ದುವೇ ಹೊರತು ಕೂಡಿಡುತ್ತಿರಲಿಲ್ಲ. ಮಹಾಪೂರವು ಅವುಗಳ ಮೇಲೆ ಹರಿದುಹೋಗುವಾಗ ಹೂಳನ್ನೂ ಬಹುವಾಗಿ ಒಯ್ಯುತ್ತಿತ್ತು. ಅವು ಶತಮಾನಗಳವರೆಗೆ ಬಾಳಿದುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. ಆದರೆ ಅವುಗಳ ಪ್ರಯೋಜನವು ಹೊಳೆಯ ಮಗ್ಗುಲಿನ ಭೂಮಿಗೆ ಮಾತ್ರ ಸಂದಿತು.

ನೀರನ್ನು ಕೂಡಿಡುವ ಮಹಾಕಾರ್ಯಕ್ಕೆ ೧೯೪೫ನೆಯ ಫೆಬ್ರವರಿ ೨೮ರಂದು ಹೈದರಾಬಾದು, ಮದರಾಸು ಸರಕಾರಗಳು ಎರಡು ದಡಗಳಲ್ಲಿ ಅಸ್ತಿಭಾರವನ್ನು ಹಾಕಿದುವು. ೧೯೫೩ರಲ್ಲಿ ನೀರು ನಿಂತಿತು. ಆಗ ಈ ಜಲಾಶಯದಲ್ಲಿ ಸುಮಾರು ೧೩೩ ಟಿಎಂಸಿ, ಎಂದರೆ ೧೩೩ ಶತಕೋಟಿ ಘನ ಅಡಿ, ನೀರು ಹಿಡಿಯುತ್ತಿತ್ತು. ೨೦೧೬ರ ಅಳತೆಯಂತೆ ಅದು ಸುಮಾರು ೧೦೫.೮ ಟಿಎಂಸಿಗೆ ಇಳಿದಿತ್ತು. ಕಳೆದುಹೋದ ಸುಮಾರು ೨೭ ಟಿಎಂಸಿಯ ಸ್ಥಾನದಲ್ಲಿ ಹೂಳು ಕುಳಿತಿದೆ. ನವಲಿಯ ಸಮತೋಲನ ಜಲಾಶಯದ ಉದ್ದೇಶವು ಹೆಚ್ಚಾಗಿ ಈ ನಷ್ಟವನ್ನು ತುಂಬುವುದೇ ಆಗಿದೆ: ಮಳೆಗಾಲದಲ್ಲಿ ಹೊಳೆಗೆ ಬಿಡಬೇಕಾಗುವ ಹೆಚ್ಚಿನ ನೀರನ್ನು ಕಾಲುವೆಯಿಂದ ಅಲ್ಲಿಗೊಯ್ದು ನಿಲ್ಲಿಸುವುದು.

ಕ್ರಿ.ಶ. ೧೩೬೯ರ ಪೋರುಮಾಮಿಳ್ಳ ಶಾಸನವನ್ನು ಇಲ್ಲಿ ನೆನೆಯಬಹುದು. ಬುಕ್ಕರಾಯನ ಮಗನಾದ ಭಾಸ್ಕರನು ಇಂದಿನ ಕಡಪಾ ಜಿಲ್ಲೆಯಲ್ಲಿ ಕಟ್ಟಿಸಿದ ಕೆರೆಯ ಈ ಶಾಸನವು ಒಳ್ಳೆಯ ತಟಾಕಕ್ಕೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಆ ದೋಷಗಳಲ್ಲಿ ಎರಡು ನಮಗೆ ಮುಖ್ಯವಾದುವು. ಒಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಇನ್ನೊಂದು, ನೀರು ಸ್ವಲ್ಪವಾಗಿದ್ದು ಭೂಮಿ ಬಹಳವಾಗಿರುವುದು.

ಮೊದಲನೆಯ ದೋಷವು ತುಂಗಭದ್ರೆಗೆ ಹುಟ್ಟಿನಿಂದಲೇ ಬಂದಿತು. ೧೯೫೩ರಲ್ಲಿ ಬಳ್ಳಾರಿಯೂ ೧೯೫೬ರಲ್ಲಿ ರಾಯಚೂರೂ ಮೈಸೂರು ರಾಜ್ಯಕ್ಕೆ ಸೇರಿ ಅಣೆಕಟ್ಟೆಯ ಎರಡು ದಡಗಳೂ ಒಂದೇ ಆಡಳಿತಕ್ಕೆ ಬಂದುವು. ಗಡಿಯು ಹೊಳೆಯಿಂದ ಸರಿದರೂ ನೀರಿನ ಹಂಚಿಕೆಯಿಂದ ಸರಿಯಲಿಲ್ಲ. ನವಲಿಯ ವಿಚಾರದಲ್ಲಿಯೂ ಆಂಧ್ರ, ತೆಲಂಗಾಣಗಳ ಸಮ್ಮತಿಯ ಪ್ರಶ್ನೆ ಎದ್ದಿದೆ. ಎರಡನೆಯ ದೋಷವನ್ನು ಎಡದಂಡೆಯ ಕಾಲುವೆಯಲ್ಲಿ ಕಾಣಬಹುದು. ಬಹುಮಟ್ಟಿಗೆ ಅರೆನೀರಾವರಿ ಬೆಳೆಗಳಿಗೆಂದು ಎಣಿಸಿದ ನೀರು ಮೇಲ್ಭಾಗದ ಗಂಗಾವತಿಯಲ್ಲಿ ಭತ್ತಕ್ಕೆ ಸಂದಿತು. ಕೊನೆಯ ಭಾಗದ ಮಾನ್ವಿ, ರಾಯಚೂರುಗಳ ಹೊಲಗಳಿಗೆ ಕೊರತೆ ಉಳಿಯಿತು. ಹೊಸ ಜಲಾಶಯವು ನೀರನ್ನು ಕೂಡಿಸಬಲ್ಲುದು, ನ್ಯಾಯವನ್ನು ತಾನಾಗಿ ಕೂಡಿಸಲಾರದು.

ಶಾಸನದ ಆರು ದೋಷಗಳಲ್ಲಿ ಹೂಳಿನ ಹೆಸರಿಲ್ಲವೆಂಬುದು ಗಮನಾರ್ಹ. ಕೆರೆಯ ನಡುವೆ ದಿಬ್ಬವಿರುವುದನ್ನು ದೋಷವೆಂದಿದೆಯಾದರೂ ಅದು ಸ್ಥಳದ ದೋಷ. ಹೂಳಾದರೋ ಕಾಲದ ದೋಷ. ಕಾಲದ ದೋಷಕ್ಕೆ ನಮ್ಮ ಪೂರ್ವಿಕರು ಲಕ್ಷಣವನ್ನು ಹೇಳುವುದರ ಬದಲು ದತ್ತಿಯನ್ನು ಬಿಟ್ಟರು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಶಬ್ದಗಳೂ, ಹೂಳು ತೆಗೆಯುವ ಕೆರೆಬಂಡಿಗಳಿಗೆ ಬಿಟ್ಟ ದತ್ತಿಗಳೂ ಇದಕ್ಕೆ ಸಾಕ್ಷಿ. ಕೆರೆಯನ್ನು ಕಟ್ಟಿಸಿದವನ ಪುಣ್ಯವು ಕಲ್ಲಿನ ಮೇಲೆ ನಿಂತಿತು. ಆದರೆ ಕೆರೆ ನಿಂತುದು ವರ್ಷವರ್ಷವೂ ಹೂಳೆತ್ತಿದವರ ದುಡಿಮೆಯಿಂದ.

ಕೆರೆಗೆ ಸಾಧ್ಯವಾದುದು ಸಾವಿರಾರು ಪಾಲು ದೊಡ್ಡದಾದ ಜಲಾಶಯಕ್ಕೆ ಹಾಗೆಯೇ ಸಾಧ್ಯವೆಂದು ಹೇಳಲಾಗದು. ತುಂಗಭದ್ರೆಯ ಹೂಳನ್ನು ತೆಗೆದು ಎಲ್ಲಿ ಸುರಿಯಬೇಕೆಂಬುದೇ ಒಂದು ಸಮಸ್ಯೆಯಾಗಿದೆ. ಆದರೂ ತತ್ತ್ವವು ಬೇರೆಯಲ್ಲ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ, ಮೂವತ್ತಮೂರು ತೂಬುಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿಹೋಗಿ ತುಂಬಿದ ಜಲಾಶಯದ ನೀರು ಹೊಳೆಯ ಪಾಲಾದಾಗ, ಕಟ್ಟುವುದಕ್ಕಿಂತ ಕಾಯುವುದು ಕಿರಿದಾದ ಕೆಲಸವಲ್ಲವೆಂಬುದು ಎಲ್ಲರಿಗೂ ವೇದ್ಯವಾಯಿತು.

ನವಲಿಯಲ್ಲಿ ಜಲಾಶಯವಾದರೆ ಕೆಲವರು ರೈತರು ತಮ್ಮ ಭೂಮಿಯನ್ನು ಬಿಡಬೇಕಾಗುವುದು. ಅವರು ಬಿಟ್ಟ ನೆಲವು ಕೆಲವು ತಲೆಮಾರುಗಳಲ್ಲಿ ಹೂಳಿನ ಬಯಲಾದರೆ ಆ ತ್ಯಾಗಕ್ಕೆ ಅರ್ಥವುಳಿಯದು. ಆದುದರಿಂದ ಈ ಯೋಜನೆಯ ಪತ್ರದಲ್ಲಿ ಕಟ್ಟೆಯ ಉದ್ದ, ಎತ್ತರ, ವೆಚ್ಚಗಳ ಜೊತೆಗೆ ಅದರ ಬಿತ್ತುವಟ್ಟವೂ ಬರೆಯಲ್ಪಡಬೇಕು: ಹೂಳನ್ನು ತಡೆಯುವವರಾರು, ಅದಕ್ಕೆ ಧನವೆಲ್ಲಿಯದು, ಕುಷ್ಟಗಿ, ಯಲಬುರ್ಗಗಳ ಪಾಲೆಷ್ಟು ಎಂಬುದು. ಈ ನಾಡಿನ ಶಾಸನಗಳು ನಮಗೆ ಬಿಟ್ಟ ಪಾಠವು ಇದೇ ಆಗಿದೆ.