ಬಿಸಿಜಿಯ ನೆನಪು ಎಷ್ಟು ಕಾಲ? ದೆಹಲಿಯ ಎರಡು ಪ್ರಯೋಗಾಲಯಗಳ ಕೆಲಸ ಕುರಿತು ಒಂದು ಟಿಪ್ಪಣಿ

ಭಾರತದಲ್ಲಿ ಹುಟ್ಟಿದ ಮಗುವಿನ ಎಡತೋಳಿನ ಚರ್ಮದೊಳಗೆ ಕೊಡುವ 0.05 ಮಿ.ಲೀ. ಬಿಸಿಜಿ ಲಸಿಕೆಯು ಮೆದುಳುಪೊರೆಯ ಕ್ಷಯದಿಂದ, ಮೈಯೆಲ್ಲ ಹರಡುವ ಕ್ಷಯದಿಂದ ಎಳೆಯರನ್ನು ಕಾಪಾಡುತ್ತದೆ. ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ಬಂದರೆ ಈ ರಕ್ಷಣೆ ನೆಚ್ಚುವಂತಿಲ್ಲ. ದೇಹ ಲಸಿಕೆಗೆ ಸ್ಪಂದಿಸುವುದೇ ಇಲ್ಲವೋ, ಸ್ಪಂದಿಸಿದರೂ ಅದು ಉಳಿಯುವುದಿಲ್ಲವೋ? ಈ ಪ್ರಶ್ನೆ ಇಟ್ಟುಕೊಂಡು ದೆಹಲಿಯ ಎರಡು ವಿಶ್ವವಿದ್ಯಾಲಯಗಳ ಕೆಲಸವನ್ನು ಇಲ್ಲಿ ಪರಿಶೀಲಿಸಿದೆ.

ಪ್ರಶ್ನೆಗೆ ಹಿನ್ನೆಲೆ ತಮಿಳುನಾಡಿನ ಚೆಂಗಲ್ಪಟ್ಟು. 1968ರಲ್ಲಿ ಅಲ್ಲಿ ಆರಂಭವಾದ ಲಸಿಕಾ ಪರೀಕ್ಷೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಲಸಿಕೆ ಪಡೆದವರ ಟ್ಯೂಬರ್ಕ್ಯುಲಿನ್ ಚರ್ಮಪರೀಕ್ಷೆಯ ಸ್ಪಂದನೆ ಎರಡೂವರೆ ತಿಂಗಳಿಗೆ ಚೆನ್ನಾಗಿಯೇ ಇತ್ತು. ಎರಡೂವರೆ ವರ್ಷಗಳ ಹೊತ್ತಿಗೆ ಬಹಳ ಇಳಿದಿತ್ತು. ಏಳೂವರೆ ವರ್ಷಗಳ ಲೆಕ್ಕ ತೆಗೆದಾಗ ಶ್ವಾಸಕೋಶದ ಕ್ಷಯದಿಂದ ರಕ್ಷಣೆ ಕಾಣಲಿಲ್ಲ. ಮಣ್ಣು, ನೀರಿನಲ್ಲಿರುವ ಇತರ ಮೈಕೋಬ್ಯಾಕ್ಟೀರಿಯಾಗಳ ಸಂಪರ್ಕದಿಂದ ಲಸಿಕೆಯ ಪರಿಣಾಮ ಮಸುಕಾಗಿರಬಹುದು ಎಂಬ ವಿವರಣೆಯೂ ಇದೆ. ಸ್ಪಂದನೆ ಬಾಳಲಿಲ್ಲ ಎಂಬುದಂತೂ ಅಂಕಿಗಳಲ್ಲೇ ಇದೆ.

ಬಾಳಿಕೆಯ ಹೊಣೆ ಟಿ ಕೋಶಗಳದು. ಬಿಸಿಜಿಯ ಗುರುತು ಹಿಡಿದ ಸಿಡಿ4 ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಸ್ರವಿಸಿ, ಮ್ಯಾಕ್ರೋಫೇಜ್‌ಗಳು ತಮ್ಮೊಳಗಿನ ರೋಗಾಣುವನ್ನು ಕೊಲ್ಲುವಂತೆ ಪ್ರಚೋದಿಸುತ್ತವೆ. ಇವುಗಳಿಂದ ಉಳಿಯುವ ಸ್ಮೃತಿ ಕೋಶಗಳಲ್ಲಿ ಮುಖ್ಯವಾಗಿ ಎರಡು ಬಗೆ: ಕೂಡಲೇ ಕೆಲಸಕ್ಕಿಳಿದು ಬೇಗ ಅಳಿಯುವ ಕಾರ್ಯಸ್ಮೃತಿ ಕೋಶಗಳು; ದೀರ್ಘಕಾಲ ಬದುಕಿ, ಬೇಕಾದಾಗ ಮತ್ತೆ ಹೆಚ್ಚುವ ಕೇಂದ್ರಸ್ಮೃತಿ ಕೋಶಗಳು. ಬಿಸಿಜಿ ಹೆಚ್ಚಾಗಿ ಮೊದಲನೆಯ ಬಗೆಯನ್ನೇ ಉಂಟುಮಾಡುತ್ತದೆ ಎಂಬುದು ಅನೇಕ ಸಂಶೋಧಕರ ಅಭಿಪ್ರಾಯ.

ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಗೋಬರ್ಧನ್ ದಾಸ್ ಮತ್ತು ಸಂಗಡಿಗರು ಈ ಸಮತೋಲವನ್ನೇ ಬದಲಿಸಲು ನೋಡಿದರು. ಕಾರ್ಯಸ್ಮೃತಿ ಕೋಶಗಳು ಕೆವಿ1.3 ಎಂಬ ಪೊಟ್ಯಾಸಿಯಂ ಮಾರ್ಗವನ್ನು ಹೆಚ್ಚು ಅವಲಂಬಿಸಿವೆ. ಕುಷ್ಠರೋಗಕ್ಕೆ ಕೊಡುವ ಕ್ಲೋಫಜಿಮಿನ್ ಆ ಮಾರ್ಗವನ್ನು ತಡೆಯುತ್ತದೆ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಇಲಿಗಳಲ್ಲಿ ಬಿಸಿಜಿ ಮರುಲಸಿಕೆಯೊಂದಿಗೆ ಈ ಔಷಧ ಕೊಟ್ಟಾಗ ಆಕರಕೋಶಗಳಂತೆ ವರ್ತಿಸುವ ದೀರ್ಘಾಯುಷಿ ಸ್ಮೃತಿ ಕೋಶಗಳು ಹೆಚ್ಚಿ, ರಕ್ಷಣೆಯೂ ಬಲಗೊಂಡಿತು.

ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದಲ್ಲಿ ಅನಿಲ್ ತ್ಯಾಗಿ ಅವರ ತಂಡ ಹಿಡಿದದ್ದು ಬೇರೆ ದಾರಿ. ಸುಪ್ತಾವಸ್ಥೆಯಲ್ಲಿ ಕ್ಷಯಾಣು ಹೇರಳವಾಗಿ ತಯಾರಿಸುವ ಆಲ್ಫಾ-ಕ್ರಿಸ್ಟಲಿನ್ ಪ್ರೋಟೀನನ್ನು ಅವರು ಗುರಿಯಾಗಿಸಿದರು. 2011ರ ವರದಿಯಲ್ಲಿ ಅದನ್ನು ಆಧರಿಸಿದ ಲಸಿಕಾ ಕ್ರಮಗಳು ಗಿನಿಪಿಗ್‌ಗಳಿಗೆ ಒಳ್ಳೆಯ ರಕ್ಷಣೆ ನೀಡಿದವು. ಒಂದು ತಂಡ ನೆನಪಿನ ಆಯುಷ್ಯ ಹೆಚ್ಚಿಸಲು ಯತ್ನಿಸಿದರೆ, ಇನ್ನೊಂದು ಏನನ್ನು ನೆನಪಿಡಬೇಕೆಂದು ಕಲಿಸಲು ಯತ್ನಿಸಿತು. ಎರಡೂ ಒಂದಕ್ಕೊಂದು ಪೂರಕವೆಂದೇ ನನ್ನ ಅಭಿಪ್ರಾಯ.

ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೆ ಅನ್ವಯಿಸುವಾಗ ಎಚ್ಚರ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಎಂವಿಎ85ಎ ಲಸಿಕೆ ಶಿಶುಗಳಲ್ಲಿ ಟಿ ಕೋಶಗಳನ್ನು ಪ್ರಚೋದಿಸಿದರೂ ಗಮನಾರ್ಹ ರಕ್ಷಣೆ ನೀಡಲಿಲ್ಲವೆಂದು 2013ರಲ್ಲಿ ತಿಳಿಯಿತು. ಅಲ್ಲಿಯೇ 2018ರ ಅಧ್ಯಯನವೊಂದು ಬಿಸಿಜಿ ಮರುಲಸಿಕೆಯಿಂದ ಹದಿಹರೆಯದವರಲ್ಲಿ ಸ್ಥಿರ ಸೋಂಕು ಸುಮಾರು ಶೇಕಡಾ 45ರಷ್ಟು ತಗ್ಗಿತೆಂದಿತ್ತು. 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಟಿ ಕೋಶಗಳ ಸ್ಪಂದನೆ ಕಂಡಿತು, ಆ ರಕ್ಷಣೆ ಕಾಣಲಿಲ್ಲ.

ಹೀಗಾಗಿ ರಕ್ತದಲ್ಲಿ ಇಂಟರ್‌ಫೆರಾನ್ ಏರಿದ್ದನ್ನು ನೋಡಿ ಲಸಿಕೆ ಫಲಿಸಿತೆಂದು ತೀರ್ಮಾನಿಸಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಆರಂಭಿಸಿದ ಲಸಿಕಾ ಪರೀಕ್ಷೆ ಕ್ಷಯರೋಗಿಗಳ ಮನೆಯವರಾದ ಸುಮಾರು 12,000 ಜನರಲ್ಲಿ ರೋಗ ಬಂತೇ ಎಂಬುದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡದ್ದು ಸರಿಯಾದ ಕ್ರಮ. ಅಂಥ ಪರೀಕ್ಷೆಗಳಲ್ಲಿ ಸ್ಮೃತಿ ಕೋಶಗಳ ಬಗೆಯನ್ನೂ ವರ್ಷಗಟ್ಟಲೆ ಅಳೆದು, ರೋಗ ಬಂದವರನ್ನು ಬಾರದವರೊಂದಿಗೆ ಹೋಲಿಸಬೇಕು. ದೆಹಲಿಯ ಇಲಿಗಳಲ್ಲಿ ಕಂಡ ನೆನಪು ಮನುಷ್ಯರನ್ನೂ ಕಾಯಬಲ್ಲದೇ ಎಂಬುದು ಆ ಹೋಲಿಕೆಯಿಂದಲೇ ತೀರ್ಮಾನವಾಗಬೇಕು.