ಸೆಲೆಂಟಾನೊ ರೇಖೆಯ ಮರುಪರಿಶೀಲನೆ: ಅನ್ಯಗ್ರಹದ ಮನೆಗೆ ಘನ ಅಳತೆ ಸಾಕೇ?

ಮಂಗಳ ಗ್ರಹದ ವಸತಿಯ ಚರ್ಚೆಯಲ್ಲಿ ಸೆಲೆಂಟಾನೊ ರೇಖೆ ಪ್ರಶ್ನಾತೀತ ಪ್ರಮಾಣದಂತೆ ಮತ್ತೆ ಮತ್ತೆ ಬರುತ್ತದೆ. ಯಾನದ ಅವಧಿ ಹೆಚ್ಚಿದಂತೆ ಒಬ್ಬರಿಗೆ ಬೇಕಾಗುವ ಜಾಗವೂ ಏರಿ, ಆರು ತಿಂಗಳ ಸುಮಾರಿಗೆ ಏರಿಕೆ ನಿಲ್ಲುತ್ತದೆ, ಉತ್ತಮ ಮಟ್ಟದಲ್ಲಿ ತಲೆಗೆ ಸುಮಾರು 20 ಘನ ಮೀಟರ್ ಸಾಕು ಎಂಬುದು ಅದರ ಸಾರ. ನಾಸಾದ ಮಾನವ-ವ್ಯವಸ್ಥೆಗಳ ಮಾನದಂಡವೂ ಇದನ್ನು ಮಾರ್ಗದರ್ಶಿಯಾಗಿ ಮುದ್ರಿಸಿತು. ಅಲ್ಲಿಂದ ಎತ್ತಿಕೊಂಡವರಲ್ಲಿ ಹೆಚ್ಚಿನವರು ಮೂಲ ಪ್ರಬಂಧದವರೆಗೆ ಹೋದಂತೆ ಕಾಣುವುದಿಲ್ಲ.

ಸೆಲೆಂಟಾನೊ, ಅಮೊರೆಲ್ಲಿ, ಫ್ರೀಮನ್ ಈ ಮೂವರ ಪ್ರಬಂಧ 1963ರ ಮೇ ತಿಂಗಳದು. ಅಂದಿಗೆ ಬಾಹ್ಯಾಕಾಶದಲ್ಲಿ ಅತಿ ಹೆಚ್ಚು ಕಾಲ ಇದ್ದ ಮನುಷ್ಯ ನಿಕೊಲಾಯೆವ್. ಅದೂ 1962ರ ವೊಸ್ತೊಕ್-3ರಲ್ಲಿ, ನಾಲ್ಕು ದಿನಕ್ಕೂ ತುಸು ಕಡಿಮೆ. ಲೇಖಕರು ಭೂಮಿಯ ಮೇಲೆ ನಡೆಸಿದ ಪ್ರಯೋಗಗಳೂ ಕೆಲವೇ ದಿನಗಳವು. ಹಾಗಿರುವಾಗ ಆರು ತಿಂಗಳ ನಂತರದ ಸಪಾಟು ಗೆರೆ ಅಳೆದದ್ದಲ್ಲ, ಊಹಿಸಿದ್ದು. ಊಹಿಸಿದ್ದು ತಪ್ಪಲ್ಲ, ಅದನ್ನು ಅಳತೆಯೆಂದು ದಾಟಿಸಿದ್ದು ತಪ್ಪು. ಮೂಲದಲ್ಲಿ ವಾಸಸ್ಥಳವು ವಾಸಯೋಗ್ಯತಾ ಸೂಚ್ಯಂಕದ ಒಂದು ಅಂಗ ಮಾತ್ರ. ನಂತರದವರು ಉಳಿದ ಅಂಗಗಳನ್ನು ಬಿಟ್ಟು ಇದೊಂದನ್ನೇ ಹಿಡಿದರು.

ವಾಸ್ತುಶಿಲ್ಪಿ ಮಾರ್ಕ್ ಕೋಹೆನ್ 2008ರಲ್ಲಿ ಈ ರೇಖೆಯನ್ನು ನಿಜವಾಗಿ ಹಾರಿದ ನೌಕೆಗಳ ಗಾತ್ರದೊಡನೆ ಹೋಲಿಸಿದರು. ಅದು ಯಾವಾಗಲೋ ಆಗಬೇಕಿದ್ದ ಕೆಲಸ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವಧಿಯೊಡನೆ ಗಾತ್ರವೂ ಏರುತ್ತಲೇ ಹೋಗುತ್ತದೆ ಎಂಬ ಅವರ ಕಡೆಯ ವಾದವನ್ನು ನಾನು ಪೂರ್ತಿ ಒಪ್ಪಲಾರೆ. 1973ರ ಸ್ಕೈಲ್ಯಾಬ್ ವಿಶಾಲವಾಗಿದ್ದುದು ಮೂವರಿಗೆ ಅಷ್ಟು ಜಾಗ ಬೇಕೆಂದು ಯಾರೋ ಲೆಕ್ಕ ಹಾಕಿದ್ದರಿಂದಲ್ಲ, ಸ್ಯಾಟರ್ನ್ ರಾಕೆಟ್ಟಿನ ಇಂಧನ ತೊಟ್ಟಿಯೇ ಮನೆಯಾದದ್ದರಿಂದ. ಅಂತರರಾಷ್ಟ್ರೀಯ ನಿಲ್ದಾಣದ ಅಮೆರಿಕನ್ ಕೋಣೆಗಳ ಅಗಲವನ್ನು ನಿರ್ಧರಿಸಿದ್ದು ಷಟಲ್‌ನ ಸರಕು ಅಂಕಣ. ಹಾರಿದ ಗಾತ್ರ ವಾಹನದ ಶಕ್ತಿಗೆ ಸಾಕ್ಷಿ. ವಾಸಿಸುವವನ ಅಗತ್ಯಕ್ಕೆ ಅದನ್ನು ಸಾಕ್ಷಿಗೆ ಕರೆಯುವುದು ಕಷ್ಟ.

ಸೆಲೆಂಟಾನೊ ತಂಡವೂ ಕೋಹೆನ್ ಅವರೂ ಗಮನಿಸದ ತೊಡಕು ಮೂಲ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ: ಅದು ಬಾಹ್ಯಾಕಾಶ ನಿಲ್ದಾಣಗಳನ್ನೂ ಗ್ರಹದ ನೆಲೆಗಳನ್ನೂ ಒಂದೇ ಸೂಚ್ಯಂಕಕ್ಕೆ ಒಳಪಡಿಸುತ್ತದೆ. ತೂಕವಿಲ್ಲದ ಕಡೆ ಗೋಡೆಗೆ ಮಲಗುವ ಚೀಲ ಕಟ್ಟಬಹುದು, ಸೂರೂ ಕೆಲಸದ ಜಾಗವಾಗುತ್ತದೆ. ಮಂಗಳದಲ್ಲಿ ಭೂಮಿಯ ಶೇ. 38ರಷ್ಟು ಗುರುತ್ವವಿದೆ, ಅಲ್ಲಿ ಮನುಷ್ಯ ನೆಲದ ಮೇಲೆ ನಿಲ್ಲುತ್ತಾನೆ, ತಲೆಯ ಮೇಲಿನ ಗಾಳಿ ಅವನಿಗೆ ಓಡಾಡುವ ಜಾಗವಲ್ಲ. ಹ್ಯೂಸ್ಟನ್ನಿನಲ್ಲಿ 2023-24ರಲ್ಲಿ ನಾಲ್ವರು 378 ದಿನ ಕಳೆದ ಮಂಗಳದ ಮಾದರಿ ಮನೆಯನ್ನು ನಾಸಾ ಪರಿಚಯಿಸಿದ್ದೂ ನೆಲದ ಅಳತೆಯಲ್ಲೇ, 1,700 ಚದರ ಅಡಿಯೆಂದು.

ಇದಕ್ಕೂ ಹಳೆಯ ಸಾಕ್ಷ್ಯವೊಂದು ಮೂಲೆಗುಂಪಾಗಿದೆ. ಮಾಸ್ಕೋದಲ್ಲಿ 1967ರ ನವೆಂಬರಿನಿಂದ ಇಡೀ ಒಂದು ವರ್ಷ ಮನೊವ್ತ್ಸೆವ್, ಬೊಜ್ಕೊ, ಉಲಿಬಿಶೆವ್ ಎಂಬ ಮೂವರು ಪ್ರಯೋಗಕ್ಕಾಗಿ ಮುಚ್ಚಿದ ಕೋಣೆಯಲ್ಲಿ ಬಾಳಿದರು. ವಾಸದ ಭಾಗ ಸುಮಾರು 12 ಚದರ ಮೀಟರ್. ಹಸಿರುಮನೆ ಅದಕ್ಕೆ ಆಮೇಲೆ ಸೇರಿತು. ಬೊಜ್ಕೊ ಅವರ ದಿನಚರಿಯ ಪುಸ್ತಕ 1975ರಲ್ಲೇ ರಷ್ಯನ್‌ನಲ್ಲಿ ಬಂದಿದೆ. ಅವಧಿ ಒಂದೇ, ಜನ ಅವರೇ, ನಡುವೆ ಬದಲಾದದ್ದು ಕಾಲಿಡಬಹುದಾದ ನೆಲ. ಹಸಿರುಮನೆಗೆ ಮುಂಚಿನ ಮತ್ತು ನಂತರದ ಪುಟಗಳನ್ನು ಎದುರುಬದುರು ಇಟ್ಟು ಓದಿದರೆ, ಕೆಲವೇ ದಿನಗಳ ಪ್ರಯೋಗದಿಂದ ಎಳೆದ ಗೆರೆ ಕೊಡಲಾರದ ಪುರಾವೆಗೆ ಅಲ್ಲಿ ಅವಕಾಶವಿದೆ.